.280 ರೆಮಿಂಗ್ಟನ್: ಹದಿಮೂರು ಬೇಟೆಗಾಲ ಬಳಸಿದ ಮೇಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಉತ್ತರದ ಗುಡ್ಡಗಳಲ್ಲಿ, ಪಾಟರ್ ಕೌಂಟಿಯಲ್ಲಿ, ನಾನು ಹೋಗುವ ಕೋವಿ ಅಂಗಡಿಯ ಒಂದು ಇಡೀ ಗೋಡೆ ತೋಟೆಗಳಿಗೆ ಮೀಸಲು. ಕಣ್ಣಿನ ಮಟ್ಟದಲ್ಲಿ .308, .30-06, .270, 6.5 ಕ್ರೀಡ್‌ಮೋರ್ ಎಂಬ ಬಗೆಯ ತೋಟೆಗಳ ಡಬ್ಬಿಗಳು ಇಟ್ಟಿಗೆ ಪೇರಿಸಿದ ಹಾಗೆ ನಿಂತಿರುತ್ತವೆ. ನನ್ನ ತೋಟೆ ಬೇಕಾದರೆ ಮೊಣಕಾಲೂರಿ ಕೂತು ಎಲ್ಲಕ್ಕಿಂತ ಕೆಳಗಿನ ಹಲಗೆಯನ್ನು ನೋಡಬೇಕು. ಕೆಲವು ವರ್ಷ ಅಲ್ಲಿ ಎರಡು ಡಬ್ಬಿ ಇರುತ್ತವೆ. ಕೆಲವು ವರ್ಷ ಬೆಲೆಯ ಚೀಟಿ ಮಾತ್ರ ಅಂಟಿಕೊಂಡಿರುತ್ತದೆ.

ಆ ತೋಟೆಯ ಹೆಸರು .280 ರೆಮಿಂಗ್ಟನ್. 2012ರಿಂದ ಅದೊಂದನ್ನೇ ಬಳಸುತ್ತಿದ್ದೇನೆ. ಹದಿಮೂರು ಬೇಟೆಗಾಲಗಳಲ್ಲಿ ಹದಿನೇಳು ಜಿಂಕೆಗಳು ಅದರಿಂದ ಬಿದ್ದಿವೆ. ಇಷ್ಟು ಒಳ್ಳೆಯ ತೋಟೆ ಕೆಳಗಿನ ಹಲಗೆಗೆ ಇಳಿದದ್ದು ಹೇಗೆ ಎಂಬ ಪ್ರಶ್ನೆ ಅಷ್ಟೂ ವರ್ಷ ನನ್ನ ಜೊತೆಗೇ ಇದೆ. ಇಲ್ಲಿ ಬೇಟೆಯ ಪರವಾನಗಿ ಪಡೆದ ಕನ್ನಡಿಗ ಗೆಳೆಯರು ಇಬ್ಬರು ಮೂವರು ಯಾವ ಕೋವಿ ಕೊಳ್ಳಲಿ ಎಂದು ಕೇಳಿದ್ದಾರೆ. ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಈಗ ಒಂದೇ ಕಡೆ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಷಿದ್ಧ, ಅದು ಹಾಗೆಯೇ ಇರಬೇಕು. ಇಲ್ಲಿ ಹೇಳುವುದೆಲ್ಲ ಜಿಂಕೆಗಳ ಸಂಖ್ಯೆಯನ್ನು ಲೆಕ್ಕ ಹಾಕಿ ಪ್ರತಿ ವರ್ಷ ಪರವಾನಗಿ ಕೊಡುವ ಈ ನಾಡಿನ ಮಾತು.

ಮೊದಲು ಕೋವಿ. ನನ್ನದು ರೆಮಿಂಗ್ಟನ್ 700 ಸರಣಿಯ ಮೌಂಟನ್ ರೈಫಲ್. 1986ರಲ್ಲಿ ಈ ಮಾದರಿ ಬಂದಾಗ .270, .280, .30-06 ಎಂಬ ಮೂರು ತೋಟೆಗಳಿಗೆ ಮಾಡಿದ್ದರು. ನಳಿಗೆ 22 ಇಂಚು, ತೆಳುವು. ತೂಕ ಆರೂಮುಕ್ಕಾಲು ಪೌಂಡ್, ಅಂದರೆ ಮೂರು ಕಿಲೋಗಿಂತ ಕೊಂಚ ಹೆಚ್ಚು. ನಾನು ಕೊಂಡದ್ದು ಹಳೆಯದನ್ನು. ಮೊದಲ ಮಾಲೀಕರು ಕಣ್ಣು ಮಂಜಾಗಿ ಬೇಟೆ ಬಿಟ್ಟಿದ್ದ ಹಿರಿಯರು. ವಾಲ್ನಟ್ ಮರದ ಬುಡಕ್ಕೆ ಅವರು ವರ್ಷಕ್ಕೊಮ್ಮೆ ಎಣ್ಣೆ ತಿಕ್ಕಿದ್ದರಂತೆ. ಅದೇ ಅಂಗಡಿಯಲ್ಲಿ ಅದೇ ಮಾದರಿಯ .270 ಕೂಡ ಇತ್ತು, ಬೆಲೆ ನೂರು ಡಾಲರ್ ಹೆಚ್ಚು. .280 ಅಗ್ಗ ಯಾಕೆ ಎಂದು ಕೇಳಿದೆ. ‘ಯಾರೂ ಕೇಳುವುದಿಲ್ಲ’ ಎಂದು ಅಂಗಡಿಯವರು ಹೇಳಿದರು. ಅದರ ಅರ್ಥ ನನಗೆ ಅಂದು ಪೂರ್ತಿ ತಿಳಿಯಲಿಲ್ಲ.

ಕಾಡಿನಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಇಲ್ಲಿನ ಕಾಡು ಬೀಚ್, ಮೇಪಲ್, ಕಪ್ಪು ಚೆರ‍್ರಿ ಮರಗಳದ್ದು. ನವೆಂಬರ್ ಕೊನೆಗೆ ಎಲೆಗಳೆಲ್ಲ ಉದುರಿದ್ದರೂ ನೂರು ಗಜದಾಚೆ ಗುರಿ ಸಿಗುವುದು ಅಪರೂಪ. ಜಿಂಕೆ ಬೇಟೆಗಾಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ಆರಂಭವಾಗುತ್ತಿತ್ತು, 2019ರಿಂದ ಶನಿವಾರಕ್ಕೆ ಬಂದಿದೆ. ಕತ್ತಲಿರುವಾಗಲೇ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋಗಿ ಮರಕ್ಕೆ ಬೆನ್ನು ಕೊಟ್ಟು ಕೂರುವುದು. ಮೊದಲ ವರ್ಷ ನನ್ನ ಮುಂದೆ ಬಂದದ್ದು ಎಂಟು ಕವಲಿನ ಕೊಂಬಿನ ಗಂಡು ಜಿಂಕೆ, ಎಪ್ಪತ್ತು ಗಜ ದೂರ. 140 ಗ್ರೇನ್ ತೂಕದ ಗುಂಡು. ಜಿಂಕೆ ಮೂವತ್ತು ಹೆಜ್ಜೆ ಓಡಿ ಬಿತ್ತು. ಭುಜಕ್ಕೆ ಬಂದ ಒದೆತ ನೆನಪಿಲ್ಲ. ಗೆಳೆಯರೊಬ್ಬರ .30-06ನಿಂದ ಹೊಡೆದಾಗಲೆಲ್ಲ ನಾನು ಕಣ್ಣು ಮುಚ್ಚಿಬಿಡುತ್ತಿದ್ದೆ. ಇದರ ಒದೆತ ಅದಕ್ಕಿಂತ ಮೃದು, ಹೀಗಾಗಿ ಕಣ್ಣು ತೆರೆದೇ ಟ್ರಿಗರ್ ಎಳೆಯುವುದನ್ನು ಈ ಕೋವಿಯಿಂದಲೇ ಕಲಿತೆ.

ಗ್ರೇನ್ ಎಂದರೇನು ಎಂದು ಗೆಳೆಯರು ಕೇಳಿದಾಗ ಗುಲಗಂಜಿಯನ್ನು ನೆನಪಿಸುತ್ತೇನೆ. ಚಿನ್ನ ತೂಗುತ್ತಿದ್ದ ಗುಲಗಂಜಿ ಎರಡು ಗ್ರೇನ್‌ಗಿಂತ ಸ್ವಲ್ಪ ಹಗುರ. 140 ಗ್ರೇನ್ ಗುಂಡು ಸುಮಾರು ಒಂಬತ್ತು ಗ್ರಾಂ. ಇನ್ನು ತೋಟೆ ಎಂದರೆ ಹಿತ್ತಾಳೆಯ ಕೇಸು, ಅದರ ಬುಡದ ಕೇಪು, ಒಳಗಿನ ಮದ್ದು, ತುದಿಯ ಗುಂಡು ಎಲ್ಲ ಸೇರಿದ್ದು. .280ರ ಗುಂಡಿನ ವ್ಯಾಸ ನಿಜವಾಗಿ .284 ಇಂಚು, ಅಮೆರಿಕನ್ನರು 7 ಮಿಲಿಮೀಟರ್ ಎನ್ನುವ ಅಳತೆ. ಈ ಅಳತೆಯ ಗುಂಡುಗಳಲ್ಲಿ ಸಿಗುವಷ್ಟು ಆಯ್ಕೆ .270ರಲ್ಲಿ ಬಹುಕಾಲ ಇರಲಿಲ್ಲ. 120 ಗ್ರೇನ್‌ನಿಂದ 175 ಗ್ರೇನ್‌ವರೆಗೆ ಯಾವ ತೂಕ ಬೇಕೋ ಅದು ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಈ ತೋಟೆಯ ದೊಡ್ಡ ಗುಣ ಇದೇ.

ಒಂದು ದೂರು ಇಲ್ಲೇ ಹೇಳಿಬಿಡುತ್ತೇನೆ. ಸಾಧಾರಣ ಮೃದು ಮೂತಿಯ 140 ಗ್ರೇನ್ ಗುಂಡು ಹತ್ತಿರದಲ್ಲಿ ವಿಪರೀತ ವೇಗದಲ್ಲಿರುತ್ತದೆ. ಮೂರನೆಯ ವರ್ಷ ಇಪ್ಪತ್ತೈದು ಗಜದಲ್ಲಿ ಹೊಡೆದ ಹೆಣ್ಣು ಜಿಂಕೆಯ ಮುಂದಿನ ಎರಡೂ ತೊಡೆಯ ಮಾಂಸ ರಕ್ತಗಟ್ಟಿ ಕೈಗೆ ಬಾರದೆ ಹೋಯಿತು. ತಿನ್ನುವುದಕ್ಕೆಂದೇ ಹೊಡೆದ ಪ್ರಾಣಿಯ ಮಾಂಸವನ್ನು ಎಸೆಯುವುದು ನನ್ನಿಂದ ಸಹಿಸಲಾಗದ ಸಂಗತಿ. ಆಮೇಲೆ 150 ಗ್ರೇನ್ ನಾಸ್ಲರ್ ಪಾರ್ಟಿಷನ್‌ಗೆ ಬದಲಾಯಿಸಿಕೊಂಡೆ. ಅದರೊಳಗೆ ಒಂದು ಅಡ್ಡಗೋಡೆ ಇದೆ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ದಾಟಿ ಹೋಗುತ್ತದೆ. ನನ್ನ 22 ಇಂಚಿನ ನಳಿಗೆಯಿಂದ ಅದರ ವೇಗ ಸೆಕೆಂಡಿಗೆ 2,830 ಅಡಿ. ಆಮೇಲೆ ಮಾಂಸ ಹಾಳಾದದ್ದಿಲ್ಲ. ಮನೆಯಲ್ಲಿ ಅದಕ್ಕೆ ಕಾಳುಮೆಣಸು ಹುರಿದು ಪುಡಿ ಮಾಡಿ, ಕೊಡಗಿನಿಂದ ಬಂದ ಕಾಚಂಪುಳಿ ಎಂಬ ಹುಳಿ ಹಾಕಿ ಹಂದಿಮಾಂಸದ ರೀತಿಯಲ್ಲೇ ಬೇಯಿಸುತ್ತೇವೆ. ಜಿಂಕೆಯ ಮಾಂಸದಲ್ಲಿ ಕೊಬ್ಬಿಲ್ಲದಿರುವುದರಿಂದ ಸ್ವಲ್ಪ ಎಣ್ಣೆ ಹೆಚ್ಚು ಬೇಕು.

ಇಷ್ಟು ಗುಣವಿದ್ದೂ ಅದು ಯಾಕೆ ಸೋತಿತು? ಇಲ್ಲಿನ ಹಿರಿಯ ಬೇಟೆಗಾರರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ನನಗೆ ತೋರುವಂತೆ ಹುಟ್ಟಿದ ಘಳಿಗೆಯಲ್ಲೇ ಅದರ ಕೈಕಾಲು ಕಟ್ಟಿದ್ದರು.

ರೆಮಿಂಗ್ಟನ್ ಕಂಪನಿ ಇದನ್ನು ಹೊರತಂದದ್ದು 1957ರಲ್ಲಿ. ಅಮೆರಿಕದ ಸೈನ್ಯದ ಹಳೆಯ .30-06 ತೋಟೆಯ ಕತ್ತನ್ನು, ಅಂದರೆ ಗುಂಡನ್ನು ಹಿಡಿಯುವ ತುದಿಯನ್ನು, 7 ಮಿಲಿಮೀಟರ್‌ಗೆ ಕಿರಿದು ಮಾಡಿದರು. ಇದೇ ಕೇಸಿನ ಕತ್ತನ್ನು .277 ಇಂಚಿಗೆ ಕಿರಿದು ಮಾಡಿ ವಿಂಚೆಸ್ಟರ್ ಕಂಪನಿ 1925ರಲ್ಲೇ .270 ತಂದಿತ್ತು. ಎರಡೂ ಒಂದೇ ತಾಯಿಯ ಮಕ್ಕಳು, ನಡುವೆ ಮೂವತ್ತೆರಡು ವರ್ಷಗಳ ಅಂತರ. .280 ತೋಟೆಯನ್ನು ಯಾರಾದರೂ ತಪ್ಪಿ .270 ಕೋವಿಗೆ ತುರುಕಬಾರದೆಂದು ಅದರ ಹೆಗಲನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು, ಒಂದು ಇಂಚಿನ ಇಪ್ಪತ್ತನೇ ಒಂದು ಭಾಗದಷ್ಟು ಮುಂದಕ್ಕೆ ಸರಿಸಿದರು. ಅಲ್ಲಿಯವರೆಗೆ ಎಲ್ಲ ಸರಿ.

ಆದರೆ ಆಗ ರೆಮಿಂಗ್ಟನ್ ಬಳಿ 740 ಎಂಬ ಅರೆ ಸ್ವಯಂಚಾಲಿತ ಕೋವಿ ಇತ್ತು, ಕೈಯಿಂದ ಹಿಂದೆ ಮುಂದೆ ಎಳೆಯುವ 760 ಪಂಪ್ ಕೋವಿಯೂ ಇತ್ತು. ಹಿಡಿಯನ್ನು ಕೈಯಿಂದ ತಿರುಗಿಸಿ ಬೀಗ ಹಾಕುವ ಬೋಲ್ಟ್ ಕೋವಿ ತಾಳುವಷ್ಟು ಒತ್ತಡವನ್ನು ಆ ಯಂತ್ರಗಳ ಮೇಲೆ ಹೇರುವುದು ಬೇಡ ಎಂದು ಹೊಸ ತೋಟೆಯ ಒತ್ತಡವನ್ನು ತಗ್ಗಿಸಿದರು. ಇಂದಿಗೂ ತಯಾರಕರ ಮಾನದಂಡದಲ್ಲಿ .270ರ ಗರಿಷ್ಠ ಒತ್ತಡ ಚದರ ಇಂಚಿಗೆ 65,000 ಪೌಂಡ್, .280ರದ್ದು 60,000. ದೊಡ್ಡ ಗುಂಡು, ಅದೇ ಕೇಸು, ಆದರೆ ಕಡಿಮೆ ಒತ್ತಡ. ಕೋಷ್ಟಕ ಓದಿದ ಗಿರಾಕಿಗೆ ಕಂಡದ್ದೇನು? ಹಳೆಯ .270ಕ್ಕಿಂತ ಮುಂದೆ ಹೋಗದ ಹೊಸ ತೋಟೆ. ಮೂವತ್ತೆರಡು ವರ್ಷಗಳಿಂದ ಅಪ್ಪನ ಕೈಯಲ್ಲಿ ಕೆಲಸ ಮಾಡಿದ್ದನ್ನು ಬಿಟ್ಟು ಅವನು ಇದನ್ನು ಯಾಕೆ ಕೊಳ್ಳಬೇಕು? ಇನ್ನೊಂದು ಸಂಗತಿಯನ್ನೂ ಹೇಳಬೇಕು: ನಮ್ಮ ಪೆನ್ಸಿಲ್ವೇನಿಯಾದಲ್ಲಿ ಅರೆ ಸ್ವಯಂಚಾಲಿತ ರೈಫಲಿನಿಂದ ಜಿಂಕೆ ಹೊಡೆಯುವಂತಿಲ್ಲ. ಇಲ್ಲಿನ ಜನ ಪ್ರೀತಿಸುವುದು 760 ಪಂಪ್ ಕೋವಿಯನ್ನು. ನನ್ನ ನೆರೆಯವರ ಮನೆಯಲ್ಲಿ ಮೂರು ತಲೆಮಾರಿನ ಮೂರು 760ಗಳಿವೆ, ಮೂರೂ .30-06.

ಮದ್ದು ತುಂಬಿದ ಕಂಪನಿಯವರು ಸಂಕೋಚಪಟ್ಟಿದ್ದರು ಅಷ್ಟೇ, ತೋಟೆಯಲ್ಲಿ ಶಕ್ತಿ ಇತ್ತು. ಗಟ್ಟಿಯಾದ ಬೋಲ್ಟ್ ಕೋವಿಗಳಲ್ಲಿ ಖಾಲಿ ಕೇಸಿಗೆ ತಾವೇ ಮದ್ದು, ಗುಂಡು ತುಂಬಿ ಹೊಡೆದವರು ಇದರ ನಿಜವಾದ ಬಲವನ್ನು ಬೇಗ ಕಂಡುಕೊಂಡರು. ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ .270ರ ಪರವಾಗಿ ಜ್ಯಾಕ್ ಓಕಾನರ್ ದಶಕಗಳ ಕಾಲ ಬರೆದಿದ್ದರು. ಅವರ ನಂತರ ಅದೇ ಪತ್ರಿಕೆಯ ಕೋವಿ ಅಂಕಣಕ್ಕೆ ಬಂದ ಜಿಮ್ ಕಾರ್ಮೈಕಲ್ .280ರ ದೊಡ್ಡ ಅಭಿಮಾನಿ. ಅಷ್ಟು ಹೊತ್ತಿಗೆ ಮನೆಮನೆಯ ಗೋಡೆಯಲ್ಲಿ .270 ನೇತಾಡುತ್ತಿತ್ತು.

ಎರಡನೆಯ ಪೆಟ್ಟು ಸ್ವಂತ ಮನೆಯವರದ್ದೇ. 1962ರಲ್ಲಿ ರೆಮಿಂಗ್ಟನ್ ತನ್ನ ಹೊಸ 700 ಕೋವಿಯ ಜೊತೆಗೆ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಎಂಬ ಇನ್ನೊಂದು ತೋಟೆ ತಂದಿತು. ಗುಂಡಿನ ವ್ಯಾಸ ಅದೇ, ಮದ್ದು ಹೆಚ್ಚು, ವೇಗ ಹೆಚ್ಚು, ಬುಡದಲ್ಲಿ ಹೊಳೆಯುವ ಪಟ್ಟಿ, ಹೆಸರಿನಲ್ಲಿ ‘ಮ್ಯಾಗ್ನಂ’. ಅದು ಕಾಡ್ಗಿಚ್ಚಿನಂತೆ ಹಬ್ಬಿತು. ಐದೇ ವರ್ಷ ಹಿರಿಯದಾದ .280ರ ಕಡೆ ಯಾರೂ ತಿರುಗಿ ನೋಡಲಿಲ್ಲ. ಆ ಮ್ಯಾಗ್ನಂನಿಂದ ನನಗೆ ಒಂದು ಉಪಕಾರವೂ ಆಗಿದೆ. ಅದಕ್ಕಾಗಿಯೇ ಎಲ್ಲ ಕಂಪನಿಗಳೂ 7 ಎಂಎಂ ಗುಂಡುಗಳನ್ನು ಬಗೆಬಗೆಯಾಗಿ ಮಾಡಿದವು, ನಾನು ಇಂದು ಆ ಗುಂಡುಗಳನ್ನೇ .280ಗೆ ತುಂಬುತ್ತೇನೆ.

ಮೂರನೆಯದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. 1979ರಲ್ಲಿ ಕಂಪನಿ .280ರ ಹೆಸರನ್ನು ‘7 ಎಂಎಂ ಎಕ್ಸ್‌ಪ್ರೆಸ್ ರೆಮಿಂಗ್ಟನ್’ ಎಂದು ಬದಲಾಯಿಸಿತು. ಮ್ಯಾಗ್ನಂನ ಕೀರ್ತಿಯ ನೆರಳಾದರೂ ಇದರ ಮೇಲೆ ಬೀಳಲಿ ಎಂಬ ಆಸೆ ಇರಬೇಕು. ಒಂದೇ ಕಂಪನಿಯ ಎರಡು 7 ಎಂಎಂ ತೋಟೆಗಳು ಅಕ್ಕಪಕ್ಕ ಬಂದವು. ಅಂಗಡಿಯವರಿಗೆ ಗೊಂದಲ, ಗಿರಾಕಿಗಳಿಗೆ ಗೊಂದಲ. ಮ್ಯಾಗ್ನಂಗಾಗಿ ಮಾಡಿದ ಕೋವಿಯಲ್ಲಿ ಎಕ್ಸ್‌ಪ್ರೆಸ್ ತೋಟೆ ಹಾರಿಸಿದರೆ ಹಿತ್ತಾಳೆ ಸೀಳಿ ಬಿಸಿ ಅನಿಲ ಹೊಡೆಯುವವನ ಮುಖಕ್ಕೆ ಬರಬಹುದು. ಒಂದೆರಡು ವರ್ಷಗಳಲ್ಲೇ ಹಳೆಯ ಹೆಸರಿಗೆ ಹಿಂತಿರುಗಿದರು. ಈಗ ಒಂದೇ ತೋಟೆಗೆ ಎರಡು ಹೆಸರು ಚಲಾವಣೆಯಲ್ಲಿ ಉಳಿದುಬಿಟ್ಟವು.

ಅದರ ಫಲವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆರು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ತೀರಿಕೊಂಡವರೊಬ್ಬರ ಮನೆಯ ಸಾಮಾನುಗಳನ್ನು ಅಂಗಳದಲ್ಲಿಟ್ಟು ಮಾರುತ್ತಿದ್ದರು. ಮೇಜಿನ ಮೇಲೆ ‘7 ಎಂಎಂ ಮ್ಯಾಗ್ನಂ’ ಎಂದು ಬರೆದ ರಟ್ಟಿನ ಪೆಟ್ಟಿಗೆ. ಒಳಗೆ ಏಳೆಂಟು ಡಬ್ಬಿಗಳು, ಅವುಗಳ ನಡುವೆ ಹಸಿರು ಹಳದಿ ಬಣ್ಣದ ಎರಡು ಡಬ್ಬಿಗಳ ಮೇಲೆ ‘7 ಎಂಎಂ ಎಕ್ಸ್‌ಪ್ರೆಸ್’. ಹೆಸರಿಟ್ಟು ನಲವತ್ತು ವರ್ಷವಾದ ಮೇಲೂ ಅದು ತಪ್ಪು ಪೆಟ್ಟಿಗೆಯಲ್ಲೇ ಇತ್ತು. ಮಾರುತ್ತಿದ್ದ ಮಗನಿಗೆ ಡಬ್ಬಿ ತೆರೆದು ಎರಡು ತೋಟೆಗಳ ಬುಡವನ್ನು ಜೋಡಿಸಿ ತೋರಿಸಿದೆ. ಒಂದಕ್ಕೆ ಪಟ್ಟಿ ಇದೆ, ಇನ್ನೊಂದಕ್ಕೆ ಇಲ್ಲ. ಅವನು ಬೆಚ್ಚಿಬಿದ್ದು ಪೆಟ್ಟಿಗೆಯನ್ನೆಲ್ಲ ಮತ್ತೆ ಹುಡುಕಿದ. ಆ ಎರಡು ಡಬ್ಬಿಗಳನ್ನು ಕೊಂಡು ತಂದೆ. ಅದರ ಹಿತ್ತಾಳೆಯನ್ನು ಇಂದಿಗೂ ತುಂಬಿ ಬಳಸುತ್ತಿದ್ದೇನೆ.

ಇಲ್ಲಿಯವರೆಗಿನದು ಕಂಪನಿಯ ಕಥೆ. ಕಪಾಟಿನ ಕಥೆ ನನಗೆ ಅರ್ಥವಾದದ್ದು 2016ರ ಅಕ್ಟೋಬರಿನಲ್ಲಿ, ವಯೋಮಿಂಗ್‌ನಲ್ಲಿ. ಅಲ್ಲಿನ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಎಂಬ ಚಿಗರೆಯಂಥ ಪ್ರಾಣಿಯ ಬೇಟೆಗೆ ಪರವಾನಗಿ ಸಿಕ್ಕಿತ್ತು. ವಿಮಾನದಲ್ಲಿ ಕೋವಿಯ ಬೀಗದ ಪೆಟ್ಟಿಗೆ ಬಂತು. ತೋಟೆಗಳನ್ನಿಟ್ಟಿದ್ದ ಸೂಟ್‌ಕೇಸ್ ಬರಲಿಲ್ಲ. ಹತ್ತಿರದ ಊರಿನಲ್ಲಿ ಎರಡು ಅಂಗಡಿಗಳಿದ್ದವು. ಮೊದಲನೆಯದರಲ್ಲಿ .270ರ ನಾಲ್ಕು ಬಗೆ, .30-06ರ ಆರು ಬಗೆ, 7 ಎಂಎಂ ಮ್ಯಾಗ್ನಂ, .300 ಮ್ಯಾಗ್ನಂ, 6.5 ಕ್ರೀಡ್‌ಮೋರ್ ಎಲ್ಲ ಇದ್ದವು. .280 ಎಂದಾಗ ಅಂಗಡಿಯ ಹುಡುಗ 7 ಎಂಎಂ ಮ್ಯಾಗ್ನಂ ಡಬ್ಬಿಯನ್ನೇ ಎತ್ತಿ ಕೊಟ್ಟ. ಎರಡನೆಯ ಅಂಗಡಿಯ ವಯಸ್ಸಾದ ಯಜಮಾನರಿಗೆ ತೋಟೆ ಗೊತ್ತಿತ್ತು. ‘ಒಳ್ಳೆಯ ತೋಟೆ, ನಾನು ತರಿಸಿ ಎಂಟು ವರ್ಷವಾಯಿತು’ ಎಂದರು. ಆ ಮಾತಿನಲ್ಲಿ ಕ್ಷಮೆ ಕೇಳುವ ಧ್ವನಿ ಇತ್ತು. ಅವರದು ನೂರು ಡಬ್ಬಿ ಹಿಡಿಯುವ ಕಪಾಟು. ವರ್ಷಕ್ಕೆ ಒಂದು ಮಾರಾಟವಾಗುವ ಡಬ್ಬಿಗೆ ಅಲ್ಲಿ ಜಾಗ ಕೊಟ್ಟರೆ ದಿನಕ್ಕೊಂದು ಮಾರಾಟವಾಗುವ ಡಬ್ಬಿಗೆ ಜಾಗ ಕಡಿಮೆಯಾಗುತ್ತದೆ.

ಕೊನೆಗೆ ಜೊತೆಗಿದ್ದ ಗೆಳೆಯರು ತಮ್ಮ .270 ಕೊಟ್ಟರು. ಎರಡನೆಯ ದಿನ ಬೆಳಿಗ್ಗೆ ಸೇಜ್ ಪೊದೆಗಳ ನಡುವೆ ಹೊಟ್ಟೆಯ ಮೇಲೆ ತೆವಳಿ ಇನ್ನೂರ ಹತ್ತು ಗಜದಿಂದ ಒಂದೇ ಈಡು ಹೊಡೆದೆ. ಪ್ರಾಣಿ ನಿಂತಲ್ಲೇ ಬಿತ್ತು. .280 ಹೊಡೆದಿದ್ದರೂ ಹಾಗೆಯೇ ಬೀಳುತ್ತಿತ್ತು. .270ರ 130 ಗ್ರೇನ್ ಗುಂಡು ಸೆಕೆಂಡಿಗೆ 3,060 ಅಡಿ, .280ರ 140 ಗ್ರೇನ್ ಗುಂಡು 3,000 ಅಡಿ. ಮುನ್ನೂರು ಗಜದಲ್ಲಿ ಎರಡರ ಇಳಿತಕ್ಕೆ ಇರುವ ವ್ಯತ್ಯಾಸ ಒಂದೆರಡು ಇಂಚು ಅಷ್ಟೇ. ನನ್ನ ತೋಟೆ ಮೇಲು ಎಂದು ನಾಲ್ಕು ವರ್ಷ ಎಲ್ಲರ ಬಳಿ ವಾದಿಸಿದ್ದೆ. ಅದು ಮೇಲೇ, ಆದರೆ ಆ ಹೆಚ್ಚುಗಾರಿಕೆ ಭಾರದ ಗುಂಡುಗಳಲ್ಲಿ, ತೋಟೆ ತುಂಬುವ ಮೇಜಿನ ಮೇಲೆ ಕಾಣುವಂಥದ್ದು. ಪ್ರಾಣಿಗೆ ಅದು ತಿಳಿಯುವುದಿಲ್ಲ. ಪ್ರಾಣಿಗೆ ತಿಳಿಯದ ಹೆಚ್ಚುಗಾರಿಕೆಗಾಗಿ ಇಡೀ ದೇಶದ ಬೇಟೆಗಾರರು ತಮ್ಮ ಕೋವಿ ಬದಲಾಯಿಸುವುದಿಲ್ಲ. ಸೂಟ್‌ಕೇಸ್ ಮೂರನೆಯ ದಿನ ಸಂಜೆ ಬಂತು.

ಇದು .280 ಒಂದರ ಹಣೆಬರಹ ಎಂದುಕೊಳ್ಳಬೇಡಿ. 1955ರಲ್ಲಿ ಎರಡು 6 ಎಂಎಂ ತೋಟೆಗಳು ಒಂದೇ ವರ್ಷ ಬಂದವು: ವಿಂಚೆಸ್ಟರ್‌ನ .243 ಮತ್ತು ರೆಮಿಂಗ್ಟನ್‌ನ .244. ಎರಡರಲ್ಲಿ ರೆಮಿಂಗ್ಟನ್‌ನದ್ದೇ ದೊಡ್ಡ ಕೇಸು, ಹೆಚ್ಚು ಮದ್ದು. ಆದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಇರುತ್ತವಲ್ಲ, ರೆಮಿಂಗ್ಟನ್ ತನ್ನ ನಳಿಗೆಯಲ್ಲಿ ಅವನ್ನು 12 ಇಂಚಿಗೆ ಒಂದು ಸುತ್ತಿನಂತೆ ಕೊರೆಯಿತು, ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತಿನಂತೆ. ಸುತ್ತು ನಿಧಾನವಾದರೆ ಉದ್ದನೆಯ ಭಾರದ ಗುಂಡು ಬುಗುರಿ ತೂಗಾಡುವ ಹಾಗೆ ತೂಗಾಡುತ್ತದೆ. .244 ಕೊಂಡವನಿಗೆ 90 ಗ್ರೇನ್‌ವರೆಗೆ ಮಾತ್ರ, .243 ಕೊಂಡವನಿಗೆ 100 ಗ್ರೇನ್. ನೆಲ ಅಳಿಲು, ನರಿಗಳಂಥ ಸಣ್ಣ ಪ್ರಾಣಿಗಳಿಗೆಂದು ರೆಮಿಂಗ್ಟನ್‌ನವರು ಯೋಚಿಸಿದರು, ಜಿಂಕೆಗೂ ಆಗಲಿ ಎಂದು ವಿಂಚೆಸ್ಟರ್‌ನವರು ಯೋಚಿಸಿದರು. ಎರಡಕ್ಕೂ ಒಂದೇ ಕೋವಿ ಬಯಸುವ ರೈತ ಯಾವುದನ್ನು ಕೊಳ್ಳುತ್ತಾನೆ? 1963ರಲ್ಲಿ ರೆಮಿಂಗ್ಟನ್ ಸುತ್ತನ್ನು 9 ಇಂಚಿಗೆ ತಂದು ‘6 ಎಂಎಂ ರೆಮಿಂಗ್ಟನ್’ ಎಂದು ಹೆಸರು ಬದಲಾಯಿಸಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು, .243 ಹುಡುಗರ ಮೊದಲ ಕೋವಿಯ ಸ್ಥಾನ ಹಿಡಿದಾಗಿತ್ತು.

ಅದೇ ಕಂಪನಿ 1997ರಲ್ಲಿ ತಂದ .260 ಕೂಡ ಹೀಗೆಯೇ ಹೋಯಿತು. .308ರ ಕತ್ತನ್ನು 6.5 ಮಿಲಿಮೀಟರ್‌ಗೆ ಕಿರಿದು ಮಾಡಿದ, ಕಡಿಮೆ ಒದೆತದ, ನೇರ ಹಾರುವ ತೋಟೆ. ಹತ್ತು ವರ್ಷದ ನಂತರ, 2007ರಲ್ಲಿ, ಹಾರ್ನಡಿ ಕಂಪನಿ 6.5 ಕ್ರೀಡ್‌ಮೋರ್ ತಂದಿತು. ಗುಂಡಿನ ವ್ಯಾಸ ಒಂದೇ, ವೇಗವೂ ಹೆಚ್ಚುಕಡಿಮೆ ಒಂದೇ. ಆದರೆ ಹಾರ್ನಡಿಯವರು ತೋಟೆಯನ್ನು ಗುಂಡಿನ ಕಡೆಯಿಂದ ಯೋಚಿಸಿದರು. .260ರ ಕೇಸು 2.035 ಇಂಚು ಉದ್ದ, ಕ್ರೀಡ್‌ಮೋರ್‌ದು 1.920. ಕೋವಿಯೊಳಗೆ ತೋಟೆಗಳು ಕೂರುವ ಪೆಟ್ಟಿಗೆಯ, ಅಂದರೆ ಮ್ಯಾಗಜಿನ್‌ನ, ಉದ್ದ ಎರಡಕ್ಕೂ ಒಂದೇ. ಕೇಸು ಗಿಡ್ಡವಾದಷ್ಟೂ ಉದ್ದನೆಯ ಚೂಪು ಗುಂಡಿಗೆ ಹೊರಗೆ ಜಾಗ ಸಿಗುತ್ತದೆ, ಮದ್ದಿನೊಳಗೆ ಮುಳುಗುವುದಿಲ್ಲ. ನಳಿಗೆಯ ಸುತ್ತು 8 ಇಂಚಿಗೆ ಒಂದು ಎಂದು ಮೊದಲ ದಿನವೇ ನಿಗದಿ ಮಾಡಿದರು. ಸ್ಪರ್ಧೆಗೆ ತಕ್ಕ ಕರಾರುವಾಕ್ಕಾದ ತೋಟೆಯನ್ನು ಕೈಗೆಟಕುವ ಬೆಲೆಗೆ ಡಬ್ಬಿಯಲ್ಲಿ ಕೊಟ್ಟರು. ತಾವು ತುಂಬಿದ ಮದ್ದಿನ ಹೆಸರು ಅಳತೆಗಳನ್ನು ಡಬ್ಬಿಯ ಮೇಲೇ ಅಚ್ಚು ಹಾಕಿದರು. ಅಡುಗೆಯವನು ಊಟದ ಜೊತೆಗೆ ಪಾಕದ ಚೀಟಿಯನ್ನೂ ಕೊಟ್ಟ ಹಾಗೆ. 2015ರಲ್ಲಿ ರೂಗರ್ ಕಂಪನಿಯ ಪ್ರಿಸಿಷನ್ ರೈಫಲ್ ಇದೇ ತೋಟೆಗೆ ಬಂದ ಮೇಲೆ ಓಟ ನಿಲ್ಲಲೇ ಇಲ್ಲ. ಕ್ರೀಡ್‌ಮೋರ್‌ನ ಬಗ್ಗೆ ಹಳಬರಿಗೆ ಸಿಟ್ಟಿದೆ. ನನಗಿಲ್ಲ. ಅದಕ್ಕೆ ಸಿಕ್ಕ ಆರೈಕೆಯ ಅರ್ಧ ಭಾಗ 1957ರಲ್ಲಿ .280ಗೆ ಸಿಕ್ಕಿದ್ದರೆ ಎಂಬ ಕೊರಗು ಮಾತ್ರ ಇದೆ.

ಈ ಕೊರಗು ನನಗೆ ಬಾಲ್ಯದಿಂದಲೇ ಪರಿಚಿತ. ವಿರಾಜಪೇಟೆಯ ಬಳಿಯ ನಮ್ಮ ಮನೆಯಲ್ಲಿ ಅಜ್ಜನ 16 ಬೋರಿನ ಜೋಡುನಳಿಗೆ ಕೋವಿ ಇತ್ತು. ಬೋರು ಎಂದರೆ ನಳಿಗೆಯ ಅಳತೆ. ತೂಕ ಕಡಿಮೆ, ಎತ್ತಿದರೆ ತಾನಾಗಿ ಕೆನ್ನೆಗೆ ಬಂದು ಕೂರುತ್ತಿತ್ತು. ಕೈಲ್‌ಪೋಳ್ದ್ ಹಬ್ಬದ ದಿನ ದೀಪದ ಮುಂದೆ ಕೋವಿಗಳನ್ನಿಟ್ಟು ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುತ್ತಿದ್ದೆವು. ಪೂಜೆಯ ನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನೆಂಟರೆಲ್ಲ 12 ಬೋರಿನವರು, ಅವರ ತೋಟೆ ಪೇಟೆಯಲ್ಲಿ ಸಿಗುತ್ತಿತ್ತು. 16 ಬೋರಿನ ತೋಟೆ ಸಿಗುತ್ತಿರಲಿಲ್ಲ. ಅಜ್ಜನ ತಗಡಿನ ಡಬ್ಬಿಯಲ್ಲಿ ಏಳು ಉಳಿದಿದ್ದವು, ಕಾಗದದ ಮೈಯವು. ಅದರಲ್ಲಿ ಎರಡು ಮಳೆಗಾಲದ ತೇವಕ್ಕೆ ಊದಿ ನಳಿಗೆಗೆ ಹೋಗುತ್ತಿರಲಿಲ್ಲ. ಪ್ರತಿ ಹಬ್ಬಕ್ಕೂ ಡಬ್ಬಿ ತೆರೆದು ಒಂದನ್ನು ಕೈಗೆತ್ತಿಕೊಂಡು ನೋಡಿ ಮತ್ತೆ ಒಳಗಿಡುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ತಿಳಿಯಿತು, ಇಲ್ಲೂ 16 ಬೋರು ಹೀಗೆಯೇ ಸೊರಗಿದೆ. ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಇಲ್ಲಿನ ಸ್ಕೀಟ್ ಸ್ಪರ್ಧೆಯಲ್ಲಿ 12, 20, 28, .410 ಎಂಬ ವಿಭಾಗಗಳಿವೆ, 16ಕ್ಕೆ ವಿಭಾಗವೇ ಇಲ್ಲ. ಸ್ಪರ್ಧೆಯಲ್ಲಿ ಜಾಗವಿಲ್ಲದ್ದಕ್ಕೆ ಕಾರ್ಖಾನೆಯಲ್ಲೂ ಜಾಗ ಕುಗ್ಗಿತು.

.280 ಕೊಳ್ಳಬೇಕೆನ್ನುವವರು 2020ರಲ್ಲಿ ಏನಾಯಿತೆಂದು ತಿಳಿದಿರಬೇಕು. ಕೋವಿಡ್ ವರ್ಷ ಇಡೀ ದೇಶ ತೋಟೆ ಕೊಳ್ಳಲು ಮುಗಿಬಿತ್ತು. ಕಾರ್ಖಾನೆಗಳು ಹೆಚ್ಚು ಮಾರಾಟವಾಗುವ ತೋಟೆಗಳನ್ನೇ ಹಗಲುರಾತ್ರಿ ಮಾಡಿದವು. ಯಂತ್ರವನ್ನು ನಿಲ್ಲಿಸಿ ಅಚ್ಚು ಬದಲಿಸಿ .280ರ ಒಂದು ಸಣ್ಣ ಕಂತು ಮಾಡಲು ಯಾರಿಗೂ ಬಿಡುವಿರಲಿಲ್ಲ. ಅದೇ ವರ್ಷ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿ ಕೋವಿಯ ವ್ಯಾಪಾರ ಒಬ್ಬರಿಗೆ, ತೋಟೆಯ ವ್ಯಾಪಾರ ಇನ್ನೊಬ್ಬರಿಗೆ ಮಾರಾಟವಾಯಿತು. ಸುಮಾರು ಎರಡು ವರ್ಷ ನಮ್ಮ ಅಂಗಡಿಯ ಕೆಳಗಿನ ಹಲಗೆ ಖಾಲಿ ಇತ್ತು. ನಾನು ಬೇಟೆ ತಪ್ಪಿಸಿಕೊಳ್ಳಲಿಲ್ಲ, ಯಾಕೆಂದರೆ ತೋಟೆಗಳನ್ನು ನಾನೇ ತುಂಬುತ್ತೇನೆ. ನೆಲಮಾಳಿಗೆಯಲ್ಲಿ ಒಂದು ಒತ್ತುಯಂತ್ರ, ತಕ್ಕಡಿ, ಅಳತೆಯ ಡೈಗಳು. ಹೊಡೆದ ಕೇಸನ್ನು ತೊಳೆದು, ಮತ್ತೆ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಐಎಂಆರ್ 4831 ಮದ್ದು ತೂಗಿ ಹಾಕಿ, ಗುಂಡು ಕೂರಿಸಬೇಕು. ಎಷ್ಟು ಮದ್ದು ಎಂಬುದನ್ನು ಗುಂಡಿನ ಕಂಪನಿಯ ಕೈಪಿಡಿಯಿಂದ ಮಾತ್ರ ತೆಗೆದುಕೊಳ್ಳಿ, ಗೆಳೆಯರ ಬಾಯಿಮಾತಿನಿಂದ ಎಂದಿಗೂ ಬೇಡ. ಒಂದು ಕೇಸನ್ನು ಹಿತಮಿತವಾಗಿ ತುಂಬಿದರೆ ಆರೇಳು ಬಾರಿ ಬಳಸಬಹುದು.

ಬೆಲೆಯ ಲೆಕ್ಕ ಹೇಳುತ್ತೇನೆ. ಕಳೆದ ಶರತ್ಕಾಲದಲ್ಲಿ ಇಪ್ಪತ್ತು ತೋಟೆಗಳ .280 ಡಬ್ಬಿಗೆ ನಾನು ಕೊಟ್ಟದ್ದು 52 ಡಾಲರ್. ಅದೇ ದಿನ ಅದೇ ಗೋಡೆಯಲ್ಲಿ .270ರ ಸಾಧಾರಣ ಡಬ್ಬಿ 30 ಡಾಲರ್‌ಗೆ ಸಿಗುತ್ತಿತ್ತು. ಮನೆಯಲ್ಲಿ ತುಂಬಿದರೆ ನನಗೆ ಇಪ್ಪತ್ತಕ್ಕೆ ಸುಮಾರು 32 ಡಾಲರ್ ಬೀಳುತ್ತದೆ, ಅದೂ ಪಾರ್ಟಿಷನ್‌ನಂಥ ದುಬಾರಿ ಗುಂಡು ಹಾಕಿ.

ಆದ್ದರಿಂದ ತೋಟೆ ತುಂಬುವ ಆಸಕ್ತಿ, ಅದಕ್ಕೆ ಬೇಕಾದ ಶಿಸ್ತು ಇರುವವರು ಹಳೆಯ .280 ಕಂಡರೆ ಹಿಂದೆಮುಂದೆ ನೋಡದೆ ಕೊಳ್ಳಲಿ. ಅದು ಬೇರೆಯವರು ಕೇಳದ ಕೋವಿ, ಹಾಗಾಗಿ ಬೆಲೆ ಇನ್ನೂ ಅಗ್ಗ. ಒಂದು ಕಡೆ ಸಣ್ಣ ಜಿಂಕೆಗೂ ಇನ್ನೊಂದು ಕಡೆ ಎಲ್ಕ್ ಎಂಬ ಭಾರಿ ಜಿಂಕೆಗೂ ಗುಂಡು ಬದಲಿಸಿದರೆ ಸಾಕು, ಕೋವಿ ಬದಲಿಸಬೇಕಾಗಿಲ್ಲ. ಹೊಸ ಕೋವಿಯೇ ಬೇಕೆನ್ನುವವರು .280 ಆಕ್ಲಿ ಇಂಪ್ರೂವ್ಡ್ ನೋಡಬಹುದು. ಪಿ.ಓ. ಆಕ್ಲಿ ಎಂಬ ಕೋವಿ ಕುಶಲಕರ್ಮಿ ಕೇಸಿನ ಮೈಯನ್ನು ನೆಟ್ಟಗೆ ಮಾಡಿ, ಹೆಗಲನ್ನು 40 ಡಿಗ್ರಿಗೆ ಚೂಪುಗೊಳಿಸಿದ ರೂಪ ಅದು. ಬಹುಕಾಲ ಕಮ್ಮಟದ ಕೆಲಸವಾಗಿದ್ದದ್ದನ್ನು ನಾಸ್ಲರ್ ಕಂಪನಿ ಅಧಿಕೃತ ಮಾನದಂಡಕ್ಕೆ ತಂದಿತು. ತಾಯಿಗೆ ಸಿಗದ ಮನ್ನಣೆ ಈಗ ಮಗಳಿಗೆ ಸಿಗುತ್ತಿದೆ. ವರ್ಷಕ್ಕೆ ಒಂದು ಡಬ್ಬಿ ಕೊಂಡು ಹೊಡೆಯುವವರು, ದೂರದ ರಾಜ್ಯಗಳಿಗೆ ಬೇಟೆಗೆ ಹೋಗುವವರು .270 ಅಥವಾ .30-06 ಕೊಳ್ಳಲಿ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೆ ಕೇಳಿದವರಿಗೆ ನಿಜವನ್ನೇ ಹೇಳಬೇಕು.

ಈ ಆಗಸ್ಟ್‌ನಲ್ಲಿ ನನ್ನ ಮಗಳು ಬೇಟೆಗಾರರ ಶಿಕ್ಷಣದ ಪರೀಕ್ಷೆ ಪಾಸು ಮಾಡಿದಳು. ಹನ್ನೆರಡು ತುಂಬಿದೆ, ಕಿರಿಯರ ಪರವಾನಗಿ ಸಿಗುತ್ತದೆ. ಕೋವಿ ನೋಡಲು ಅಂಗಡಿಗೆ ಕರೆದುಕೊಂಡು ಹೋದೆ. ನನ್ನ ಮನಸ್ಸಿನಲ್ಲಿ 7 ಎಂಎಂ-08 ಎಂಬ ತೋಟೆಯ ಕೋವಿ ಇತ್ತು. .280ರ ಗುಂಡುಗಳನ್ನೇ ಅದಕ್ಕೂ ತುಂಬಬಹುದು, ಒದೆತ ಇನ್ನೂ ಮೃದು. ಅವಳು ಕೋವಿಗಳ ಕಡೆ ಹೋಗಲಿಲ್ಲ. ನೇರವಾಗಿ ತೋಟೆಯ ಗೋಡೆಯ ಮುಂದೆ ನಿಂತು ಬೆರಳಿಟ್ಟು ಎಣಿಸಿದಳು. ಆಮೇಲೆ ಕೇಳಿದಳು: ‘ಅಪ್ಪ, 7 ಎಂಎಂ-08 ಐದೇ ಡಬ್ಬಿ ಇದೆ. ಕ್ರೀಡ್‌ಮೋರ್ ಮೂವತ್ತೊಂದು. ನಾನು ಕಾಲೇಜಿಗೆ ಬೇರೆ ಊರಿಗೆ ಹೋದರೆ ಅಲ್ಲಿ ಯಾವುದು ಸಿಗುತ್ತದೆ?’

ಕ್ರೀಡ್‌ಮೋರ್ ಕೊಂಡೆವು. ನವೆಂಬರ್‌ನಲ್ಲಿ ಇಬ್ಬರೂ ಒಂದೇ ಬೀಚ್ ಮರಕ್ಕೆ ಬೆನ್ನು ಕೊಟ್ಟು ಕೂರುತ್ತೇವೆ. ನನ್ನ ಜೇಬಿನಲ್ಲಿ ಆ ಹಳ್ಳಿಯ ಅಂಗಳದಿಂದ ತಂದ ಹಿತ್ತಾಳೆಯಲ್ಲಿ ತುಂಬಿದ ಐದು ತೋಟೆಗಳಿರುತ್ತವೆ. ಬುಡದಲ್ಲಿ ‘7 ಎಂಎಂ ಎಕ್ಸ್‌ಪ್ರೆಸ್’ ಎಂಬ ಅಕ್ಷರಗಳು ಇನ್ನೂ ಸ್ಪಷ್ಟವಾಗಿ ಓದಲು ಬರುತ್ತವೆ.